ಸಬ್‌ವೂಫರ್ ಗುಂಯ್‌ಗುಡುವುದಕ್ಕೆ 1807ರಲ್ಲೇ ಮದ್ದು ಬರೆದಿದ್ದ ಜಿಲ್ಲಾಡಳಿತಗಾರ! ಯಾರು ಈ ಜೋಸೆಫ್ ಫೋರಿಯರ್?

ಪುಣೆ: ಡಿಸೆಂಬರ್ ಬಂತೆಂದರೆ ಪುಣೆಗೆ ಸವಾಯಿ ಗಂಧರ್ವ ಉತ್ಸವದ ಗುಂಗು. ಧಾರವಾಡ ಜಿಲ್ಲೆಯ ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ 1953ರಲ್ಲಿ ಶುರುವಾದ ಈ ಉತ್ಸವವನ್ನು ಅವರ ಶಿಷ್ಯ, ಗದಗ ಸೀಮೆಯ ಭೀಮಸೇನ ಜೋಶಿ ದಶಕಗಳ ಕಾಲ ಮುನ್ನಡೆಸಿದರು. ಉತ್ಸವ ಮುಗಿದ ಮೇಲೂ ಕಿವಿಯಲ್ಲಿ ಉಳಿದ ನಾದವನ್ನು ಮನೆಯಲ್ಲೇ ಮತ್ತೆ ಕೇಳಬೇಕೆಂದು ಹಂಬಲಿಸುವವರು ಆ ಊರಿನಲ್ಲಿ ಕಡಿಮೆಯೇನಿಲ್ಲ.

ಅಂಥದ್ದೊಂದು ಮನೆ ಕೊಥ್ರೂಡ್‌ನಲ್ಲಿದೆ ಎಂದುಕೊಳ್ಳಿ. ಎರಡು ಬೆಡ್‌ರೂಮಿನ ಫ್ಲ್ಯಾಟ್, 15 ಅಡಿ ಉದ್ದ 12 ಅಡಿ ಅಗಲದ ಹಾಲ್, ಕೆಳಗೆ ಟೈಲ್ಸ್, ಸುತ್ತ ಗಟ್ಟಿ ಗೋಡೆ. ಹಣ ಕೂಡಿಸಿ ಒಳ್ಳೆಯ ಸ್ಪೀಕರ್ ಜೋಡಿ, ಒಂದು ಸಬ್‌ವೂಫರ್ ತಂದಾಗಿದೆ. ಹಳೆಯ ಧ್ವನಿಮುದ್ರಿಕೆ ಹಾಕಿದರೆ ಗಾಯಕರ ಕಂಠ ಚೆನ್ನಾಗಿಯೇ ಕೇಳುತ್ತದೆ. ಆದರೆ ತಬಲಾದ ಡಗ್ಗಾ ಮೀಂಡಿನಲ್ಲಿ ಏರಿಳಿಯುವಾಗ ಯಾವುದೋ ಒಂದು ಸ್ವರದ ಬಳಿ ಇಡೀ ಕೋಣೆ ಗುಂಯ್ ಎನ್ನುತ್ತದೆ. ಸೋಫಾದಿಂದ ಎದ್ದು ಎರಡು ಹೆಜ್ಜೆ ಮುಂದೆ ಬಂದರೆ ಅದೇ ಡಗ್ಗಾ ಮಾಯ! ಅಂಗಡಿಯಲ್ಲಿ ಇಷ್ಟು ಸೊಗಸಾಗಿ ಕೇಳಿಸಿದ್ದ ಸಾಮಾನು ಮನೆಗೆ ಬಂದ ಮೇಲೆ ಕೆಟ್ಟುಹೋಯಿತೇ?

ಸಾಮಾನು ಕೆಟ್ಟಿಲ್ಲ. ಕೆಟ್ಟದ್ದು ಅಂತ ಏನಾದರೂ ಇದ್ದರೆ ಅದು ಕೋಣೆ. ಇದನ್ನು ಸರಿಪಡಿಸಲು ಈಗ ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಮಾಡುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಹಲವು ಎವಿ ರಿಸೀವರ್‌ಗಳ ಒಳಗೇ ಈ ಸೌಲಭ್ಯ ಬಂದುಬಿಟ್ಟಿದೆ. ಜೊತೆಗೆ ಕೊಟ್ಟ ಮೈಕನ್ನು ಕೂರುವ ಜಾಗದಲ್ಲಿ ನಿಲ್ಲಿಸಬೇಕು. ಸ್ಪೀಕರ್ ಒಮ್ಮೆ ಊಂ... ಎಂದು ತೀರಾ ಕೆಳಗಿನಿಂದ ಶುರುಮಾಡಿ ಕೀಚಲು ದನಿಯವರೆಗೆ ಕೂಗಿ ಸುಮ್ಮನಾಗುತ್ತದೆ. ಮರುಕ್ಷಣ ಪರದೆಯ ಮೇಲೆ ಗುಡ್ಡ ಕಣಿವೆಗಳ ಒಂದು ಗ್ರಾಫ್ ಮೂಡುತ್ತದೆ. ಎಷ್ಟು ಹರ್ಟ್ಜ್‌ನಲ್ಲಿ ಕೋಣೆ ಹೆಚ್ಚು ಕೂಗುತ್ತಿದೆ, ಎಲ್ಲಿ ನುಂಗುತ್ತಿದೆ ಎಂಬ ಜಾತಕ ಅದು.

ಆ ಜಾತಕ ಬರೆಯುವ ಗಣಿತ ಹುಟ್ಟಿದ್ದು ಧ್ವನಿಗಾಗಿ ಅಲ್ಲ, ಕಬ್ಬಿಣದ ಬಳೆಯೊಂದು ಹೇಗೆ ತಣ್ಣಗಾಗುತ್ತದೆ ಎಂದು ತಿಳಿಯಲು. ಅದನ್ನು ಕಂಡುಕೊಂಡಾತ ಫುಲ್‌ಟೈಮ್ ಗಣಿತಜ್ಞನೂ ಆಗಿರಲಿಲ್ಲ. ಹಗಲಿನಲ್ಲಿ ಜೌಗು ಭೂಮಿ, ರಸ್ತೆ, ತೆರಿಗೆಗಳ ಕಡತ ನೋಡುತ್ತಿದ್ದ ಜಿಲ್ಲಾಡಳಿತಗಾರ. ಹೆಸರು ಜಾನ್ ಬ್ಯಾಪ್ಟಿಸ್ಟ್ ಜೋಸೆಫ್ ಫೋರಿಯರ್. ಎಂಜಿನಿಯರಿಂಗ್ ಓದಿದವರಿಗೆ ಫೋರಿಯರ್ ಸೀರೀಸ್ ಎಂದರೆ ಪರೀಕ್ಷೆಯ ಹಿಂದಿನ ರಾತ್ರಿ ನೆನಪಾಗಬಹುದು. ಆದರೆ ಆ ಹೆಸರಿನ ಹಿಂದೆ ಗಿಲೊಟಿನ್‌ನಿಂದ ಕೂದಲೆಳೆಯಲ್ಲಿ ಪಾರಾದ, ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿಬಂದ, ತನ್ನ ಕಾಲದ ಅತಿ ದೊಡ್ಡ ಗಣಿತಜ್ಞರ ಅಪನಂಬಿಕೆಯನ್ನು 15 ವರ್ಷ ಎದುರಿಸಿದ ಮನುಷ್ಯನಿದ್ದಾನೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ದರ್ಜಿಯ ಮಗ, ಹತ್ತು ತುಂಬುವಷ್ಟರಲ್ಲಿ ಅನಾಥ

ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸ್‌ನ ಓಸೇರ್ ಎಂಬ ಪಟ್ಟಣದಲ್ಲಿ. ತಂದೆ ದರ್ಜಿ. ಮನೆ ತುಂಬ ಮಕ್ಕಳು. ಒಂಬತ್ತನೇ ವಯಸ್ಸಿನಲ್ಲಿ ತಾಯಿ ತೀರಿಕೊಂಡರು, ಮರುವರ್ಷ ತಂದೆಯೂ ಹೋದರು. ಊರಿನ ಸೈನಿಕ ಶಾಲೆಯಲ್ಲಿ ಜಾಗ ಸಿಕ್ಕಿದ್ದೇ ಪುಣ್ಯ. ಅದನ್ನು ನಡೆಸುತ್ತಿದ್ದವರು ಬೆನೆಡಿಕ್ಟೈನ್ ಪಾದ್ರಿಗಳು. ಅಲ್ಲಿ ಹುಡುಗನಿಗೆ ಗಣಿತದ ಹುಚ್ಚು ಹತ್ತಿತು. ಎಲ್ಲರೂ ಮಲಗಿದ ಮೇಲೆ ಓದಲೆಂದು ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಹಗಲೆಲ್ಲ ಕೂಡಿಡುತ್ತಿದ್ದನಂತೆ. 14 ತುಂಬುವಷ್ಟರಲ್ಲಿ ಬೆಜೂ ಬರೆದ ಆರು ಸಂಪುಟಗಳ ಗಣಿತ ಪಠ್ಯ ಮುಗಿದಿತ್ತು.

ಸೇನೆಯ ತೋಪು ವಿಭಾಗ ಸೇರುವ ಆಸೆ ಇತ್ತು. ಆದರೆ ಆಗಿನ ಫ್ರಾನ್ಸ್‌ನಲ್ಲಿ ಅಧಿಕಾರಿಯಾಗಲು ಪ್ರತಿಭೆಯಷ್ಟೇ ಸಾಲುತ್ತಿರಲಿಲ್ಲ, ಕುಲೀನ ಮನೆತನವೂ ಬೇಕಿತ್ತು. ದರ್ಜಿಯ ಮಗನಿಗೆ ಬಾಗಿಲು ತೆರೆಯಲಿಲ್ಲ. ಸರಿ, ಪಾದ್ರಿಯಾಗೋಣ ಎಂದು 1787ರಲ್ಲಿ ಮಠ ಸೇರಿದ್ದೂ ಆಯಿತು. ದೀಕ್ಷೆಯ ಕೊನೆಯ ಪ್ರತಿಜ್ಞೆ ತೆಗೆದುಕೊಳ್ಳುವ ಮೊದಲೇ, 1789ರಲ್ಲಿ, ಅಲ್ಲಿಂದಲೂ ಹೊರಬಿದ್ದರು. ಅದೇ ವರ್ಷ ಫ್ರಾನ್ಸ್‌ನಲ್ಲಿ ಕ್ರಾಂತಿ ಸ್ಫೋಟಿಸಿತು.

ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡವನಿಗೆ ಕ್ರಾಂತಿ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತಾನು ಕಲಿತ ಶಾಲೆಯಲ್ಲೇ ಪಾಠ ಹೇಳುತ್ತ, 1793ರಲ್ಲಿ ಊರಿನ ಕ್ರಾಂತಿ ಸಮಿತಿ ಸೇರಿದರು. ಆದರೆ ಕೆಲಸದ ಮೇಲೆ ಓರ್ಲಿಯನ್ಸ್‌ಗೆ ಹೋದಾಗ ಅಲ್ಲಿ ಒಳಜಗಳದಲ್ಲಿ ಸಿಕ್ಕಿಬಿದ್ದವರ ಪರ ಮಾತಾಡಿದ್ದು ಮುಳುವಾಯಿತು. 1794ರಲ್ಲಿ ಬಂಧನ. ಆ ದಿನಗಳಲ್ಲಿ ಬಂಧನ ಎಂದರೆ ಗಿಲೊಟಿನ್‌ಗೆ ಸರತಿ ಸಾಲು. ಫೋರಿಯರ್ ಸರತಿ ಬರುವ ಮೊದಲೇ, ಜುಲೈ ಕೊನೆಯಲ್ಲಿ, ರೋಬೆಸ್ಪಿಯರ್ ತಲೆಯೇ ಉರುಳಿತು. ಜೈಲಿನ ಬಾಗಿಲು ತೆರೆಯಿತು.

ವಿಚಿತ್ರ ನೋಡಿ, ಮರುವರ್ಷ ಅವರನ್ನು ಮತ್ತೆ ಬಂಧಿಸಲಾಯಿತು. ಈ ಸಲದ ಆರೋಪ, ರೋಬೆಸ್ಪಿಯರ್ ಕಡೆಯವನು ಎಂದು!

ಈ ಎರಡು ಬಂಧನಗಳ ನಡುವೆಯೇ ಅವರ ಬದುಕಿನ ದಿಕ್ಕು ಬದಲಾಗಿತ್ತು. ಪ್ಯಾರಿಸ್‌ನಲ್ಲಿ ಶಿಕ್ಷಕರ ತರಬೇತಿಗಾಗಿ ತೆರೆದ ಎಕೋಲ್ ನಾರ್ಮಲ್‌ಗೆ ಆಯ್ಕೆಯಾಗಿ, ಲಗ್ರಾಂಜ್, ಲಪ್ಲಾಸ್, ಮೋಂಜ್ ಅವರಂಥ ಘಟಾನುಘಟಿಗಳ ಮುಂದೆ ಕೂತು ಕಲಿತರು. ಬಿಡುಗಡೆಯಾದ ಮೇಲೆ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ, 1797ರಲ್ಲಿ ಗುರು ಲಗ್ರಾಂಜ್ ಅವರ ಪೀಠಕ್ಕೇ ಬಂದರು. ಮುಂದೆ ಅದೇ ಲಗ್ರಾಂಜ್ ಅಡ್ಡಗೋಡೆಯಾಗಿ ನಿಲ್ಲುತ್ತಾರೆ ಎಂದು ಆಗ ಯಾರೂ ಊಹಿಸಿರಲಾರರು.

ಈಜಿಪ್ಟಿನ ಬಿಸಿಲು, ಗ್ರೆನೋಬಲ್‌ನ ಕಡತ

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಜೊತೆ ವಿದ್ವಾಂಸರ ಒಂದು ತಂಡವನ್ನೂ ಹಡಗು ಹತ್ತಿಸಿದರು. ಅದರಲ್ಲಿ 30ರ ಹರೆಯದ ಫೋರಿಯರ್ ಕೂಡ ಇದ್ದರು. ಕೈರೋದಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಗೆ ಅವರೇ ಕಾರ್ಯದರ್ಶಿ. ಮೂರು ವರ್ಷದ ನಂತರ ಮರಳಿದಾಗ ಪಾಠಕ್ಕೆ ಹಿಂದಿರುಗುವ ಮನಸ್ಸಿತ್ತು. ನೆಪೋಲಿಯನ್ ಲೆಕ್ಕಾಚಾರವೇ ಬೇರೆ ಇತ್ತು. 1802ರಲ್ಲಿ ಆಲ್ಪ್ಸ್ ಬುಡದ ಇಸೇರ್ ಜಿಲ್ಲೆಗೆ ಪ್ರಿಫೆಕ್ಟ್ ಆಗಿ ನೇಮಕವಾಯಿತು. ನಮ್ಮ ಜಿಲ್ಲಾಧಿಕಾರಿ ಇದ್ದಂತೆ, ಅಧಿಕಾರ ಇನ್ನೂ ಸ್ವಲ್ಪ ಹೆಚ್ಚು. ಕಚೇರಿ ಇದ್ದದ್ದು ಗ್ರೆನೋಬಲ್ ನಗರದಲ್ಲಿ.

ಫೋರಿಯರ್ ಕಾಟಾಚಾರದ ಅಧಿಕಾರಿಯಾಗಿರಲಿಲ್ಲ. ಬೂರ್ಗ್ವಾನ್ ಎಂಬಲ್ಲಿನ ಜೌಗು ಪ್ರದೇಶ ಜ್ವರದ ಗೂಡಾಗಿತ್ತು. ಸುತ್ತಲಿನ ಹತ್ತಾರು ಊರುಗಳ ತಗಾದೆ ಬಗೆಹರಿಯದೆ ಅದನ್ನು ಒಣಗಿಸುವ ಕೆಲಸ ನೆನೆಗುದಿಗೆ ಬಿದ್ದಿತ್ತು. ಫೋರಿಯರ್ ಊರೂರು ಸುತ್ತಿ, ಮನವೊಲಿಸಿ ಆ ಕೆಲಸ ಮಾಡಿಸಿದರು. ಗ್ರೆನೋಬಲ್‌ನಿಂದ ಇಟಲಿಯ ಟ್ಯೂರಿನ್ ಕಡೆಗಿನ ಹೊಸ ರಸ್ತೆಗೂ ಅವರೇ ನಿಂತರು. ಈ ಗದ್ದಲದ ನಡುವೆ ಈಜಿಪ್ಟ್ ಕುರಿತ ಬೃಹತ್ ಗ್ರಂಥಮಾಲೆಗೆ ಮುನ್ನುಡಿ ಬರೆಯುವ ಹೊಣೆ ಬೇರೆ. ಅವರು ತಂದಿದ್ದ ಈಜಿಪ್ಟಿನ ವಸ್ತುಗಳನ್ನು ನೋಡಿ ಬೆರಗಾದ ಗ್ರೆನೋಬಲ್‌ನ ಹುಡುಗ ಶಾಂಪೋಲಿಯೋನ್ ಮುಂದೆ ರೊಸೆಟ್ಟಾ ಶಿಲೆಯ ಲಿಪಿ ಓದಿ ಜಗತ್ಪ್ರಸಿದ್ಧನಾದ. ಅದೇ ಬೇರೆ ಕಥೆ.

ಈಜಿಪ್ಟಿನಿಂದ ಬಂದ ಮೇಲೆ ಫೋರಿಯರ್‌ಗೆ ಚಳಿ ಎಂದರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲೂ ದಪ್ಪ ಬಟ್ಟೆ, ಕೋಣೆಯಲ್ಲಿ ಬಿಸಿಯೋ ಬಿಸಿ. ಅವರು ಶಾಖದ ಬೆನ್ನು ಹತ್ತಿದ್ದಕ್ಕೆ ಇದೇ ಕಾರಣ ಎಂದು ಕೆಲವರು ತಮಾಷೆಯಾಗಿ ಹೇಳುವುದುಂಟು. ಕಾರಣ ಏನೇ ಇರಲಿ, ಕಚೇರಿ ಕೆಲಸ ಮುಗಿದ ಮೇಲೆ ಅವರು ಕಬ್ಬಿಣದ ಬಳೆಯನ್ನು ಕಾಯಿಸಿ, ಅದರ ಬೇರೆ ಬೇರೆ ಜಾಗದಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿ ಹೇಗೆ ಹರಿಯುತ್ತದೆ ಎಂದು ಬರೆದಿಡುತ್ತಿದ್ದರು.

ಒಂದು ಕಡೆ ಕೆಂಡ, ಇನ್ನೊಂದು ಕಡೆ ತಣ್ಣಗಿರುವ ಬಳೆಯಲ್ಲಿ ಶಾಖದ ಹಂಚಿಕೆ ಅಡ್ಡಾದಿಡ್ಡಿಯಾಗಿರುತ್ತದೆ. ಅದನ್ನು ಇಡಿಯಾಗಿ ಲೆಕ್ಕ ಹಾಕುವುದು ಕಷ್ಟ. ಫೋರಿಯರ್ ಉಪಾಯ ಇಷ್ಟೇ: ಆ ಅಡ್ಡಾದಿಡ್ಡಿ ಆಕಾರವನ್ನು ನಯವಾದ ಸೈನ್ ಅಲೆಗಳಾಗಿ ಬಿಡಿಸಿಬಿಡಿ. ಬಳೆಗೆ ಒಂದೇ ಸುತ್ತು ಬರುವ ದೊಡ್ಡ ಅಲೆ, ಎರಡು ಸುತ್ತಿನದು, ಮೂರು ಸುತ್ತಿನದು, ಹೀಗೆ. ಪ್ರತಿ ಅಲೆಯೂ ತನ್ನದೇ ವೇಗದಲ್ಲಿ ಆರುತ್ತದೆ. ಸಣ್ಣ ಅಲೆ ಬೇಗ, ದೊಡ್ಡದು ನಿಧಾನ. ಬೇಕಾದ ಕ್ಷಣದಲ್ಲಿ ಉಳಿದಿದ್ದನ್ನೆಲ್ಲ ಮತ್ತೆ ಕೂಡಿಸಿದರೆ ಉತ್ತರ ಸಿದ್ಧ. ಚಟ್ನಿಪುಡಿಯನ್ನು ನಾಲಿಗೆಗೆ ಹಾಕಿ ಇದರಲ್ಲಿ ಕಡಲೆ ಇಷ್ಟು, ಮೆಣಸು ಇಷ್ಟು, ಹುಣಸೆ ಇಷ್ಟು ಎಂದು ಹೇಳುವ ಅಜ್ಜಿಯರಿದ್ದಾರಲ್ಲ, ಹೆಚ್ಚುಕಡಿಮೆ ಆ ಕೆಲಸ. ವ್ಯತ್ಯಾಸ ಎಂದರೆ ಫೋರಿಯರ್ ಪ್ರತಿ ಅಲೆಯ ಪ್ರಮಾಣ ಕಂಡುಹಿಡಿಯಲು ಖಚಿತ ಸೂತ್ರವನ್ನೇ ಕೊಟ್ಟರು.

ಗುರುಗಳೇ ಒಪ್ಪಲಿಲ್ಲ

1807ರ ಡಿಸೆಂಬರ್ 21ರಂದು ಈ ಪ್ರಬಂಧ ಪ್ಯಾರಿಸ್‌ನ ವಿದ್ವತ್ ಸಂಸ್ಥೆಯ ಮುಂದೆ ಬಂತು. ಪರಿಶೀಲಿಸಲು ಕೂತವರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಮೂವರು ಫೋರಿಯರ್‌ಗೆ ಪಾಠ ಹೇಳಿದವರೇ.

ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಯಾವ ಆಕಾರವನ್ನು ಬೇಕಾದರೂ ಸೈನ್ ಅಲೆಗಳಾಗಿ ಬಿಡಿಸಬಹುದು ಎಂದು ಫೋರಿಯರ್ ಹೇಳಿದ್ದರು. ಮೆಟ್ಟಿಲಿನಂತೆ ಥಟ್ಟನೆ ಏರಿ ಥಟ್ಟನೆ ಇಳಿಯುವ ಚೌಕಾಕಾರದ ಅಲೆಯನ್ನೂ! ದುಂಡಗಿನ ಅಲೆಗಳನ್ನು ಎಷ್ಟೇ ಕೂಡಿಸಿದರೂ ಮೂಲೆ ಬರುವುದು ಹೇಗೆ ಎಂಬುದು ಲಗ್ರಾಂಜ್ ಆಕ್ಷೇಪ. ಇದು ಅವರಿಗೆ ಹಳೆಯ ಗಾಯವೂ ಹೌದು. ಸುಮಾರು 50 ವರ್ಷದ ಹಿಂದೆ ಮೀಟಿದ ತಂತಿಯ ಕಂಪನದ ಬಗ್ಗೆ ಇದೇ ವಾದ ನಡೆದಿತ್ತು. ತಂತಿಯ ಯಾವ ಆಕಾರವೂ ಸರಳ ಅಲೆಗಳ ಮೊತ್ತವೇ ಎಂದು ಡೇನಿಯಲ್ ಬರ್ನೌಲಿ ಹೇಳಿದ್ದರು. ಆಯ್ಲರ್ ಒಪ್ಪಿರಲಿಲ್ಲ, ಲಗ್ರಾಂಜ್ ಕೂಡ ಒಪ್ಪಿರಲಿಲ್ಲ. ತಂತಿವಾದ್ಯದ ಆ ಮುಗಿಯದ ಜಗಳ ಈಗ ಕಬ್ಬಿಣದ ಬಳೆಯ ರೂಪದಲ್ಲಿ ವಾಪಸ್ ಬಂದಿತ್ತು.

ಲಗ್ರಾಂಜ್ ಹಟಮಾರಿ ಮುದುಕರಾಗಿದ್ದರು ಎಂದು ಬರೆದುಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಫೋರಿಯರ್ ಹೇಳಿದ್ದು ಸರಿ ಇತ್ತು, ಸಾಬೀತುಪಡಿಸಿದ್ದು ಅರೆಬರೆ. ಕೊನೆಯಿಲ್ಲದ ಅಲೆಗಳ ಮೊತ್ತ ಯಾವಾಗ ನಿಜವಾದ ಉತ್ತರಕ್ಕೆ ಬಂದು ನಿಲ್ಲುತ್ತದೆ ಎಂಬುದಕ್ಕೆ ಅವರ ಬಳಿ ಗಟ್ಟಿ ಪುರಾವೆ ಇರಲಿಲ್ಲ. ಬಳೆಯ ಮೇಲಿನ ಥರ್ಮಾಮೀಟರ್ ಮಾತ್ರ ಅವರ ಪರವಾಗಿತ್ತು.

ಪ್ರಬಂಧ ಅಚ್ಚಾಗಲಿಲ್ಲ. ಶಾಖದ ಹರಿವನ್ನೇ ವಿಷಯವಾಗಿಟ್ಟು 1811ಕ್ಕೆ ಬಹುಮಾನ ಸ್ಪರ್ಧೆ ಘೋಷಣೆಯಾಯಿತು. ಫೋರಿಯರ್ ತಿದ್ದಿ, ಬೆಳೆಸಿ ಮತ್ತೆ ಕಳಿಸಿದರು. 1812ರ ಆರಂಭದಲ್ಲಿ ಬಹುಮಾನ ಅವರಿಗೇ ಬಂತು. ಆದರೆ ತೀರ್ಪುಗಾರರ ವರದಿಯಲ್ಲಿ ಕುಟುಕು ಇತ್ತು: ವಿಷಯ ಹೊಸದು, ಮಹತ್ವದ್ದು, ಆದರೆ ವಿಧಾನದಲ್ಲಿ ಬಿಗಿ ಸಾಲದು ಎಂಬ ಅರ್ಥದ ಮಾತು. ತೀರ್ಪುಗಾರರಲ್ಲಿ ಲಗ್ರಾಂಜ್ ಇದ್ದೇ ಇದ್ದರು. ಬಹುಮಾನ ಕೊಟ್ಟ ಪ್ರಬಂಧವನ್ನೂ ಆಗ ಅಚ್ಚು ಹಾಕಲಿಲ್ಲ! ದೂರದ ಜಿಲ್ಲೆಯಲ್ಲಿ ಕೂತ ಅಧಿಕಾರಿಗೆ ಇದು ಎಷ್ಟು ಚುಚ್ಚಿರಬೇಡ.

ಪುಣೆಯ ಹಾಲ್‌ನಲ್ಲಿ ಇದೆಲ್ಲ ಎಲ್ಲಿಗೆ ಬಂತು?

ಈಗ ಮೊದಲಿನ ಹಾಲ್‌ಗೆ ಬರೋಣ. ಅಲ್ಲಿ ಮೈಕ್ ಹಿಡಿದದ್ದು ಗಾಳಿಯ ಒತ್ತಡದ ಒಂದು ಅಡ್ಡಾದಿಡ್ಡಿ ಗೆರೆ, ಅಷ್ಟೇ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳ ರೂಪದಲ್ಲಿ. ಆ ಗೆರೆಯನ್ನು ಎಷ್ಟು ಕಣ್ಣಿಟ್ಟು ನೋಡಿದರೂ ಕೋಣೆಯ ರೋಗ ತಿಳಿಯದು. ಡಿಎಸ್‌ಪಿ ಅದನ್ನು ಫೋರಿಯರ್ ವಿಧಾನದಲ್ಲಿ ಬಿಡಿಬಿಡಿ ಅಲೆಗಳಾಗಿ ಒಡೆದಾಗಲೇ ಗ್ರಾಫ್‌ನ ಗುಡ್ಡಗಳು ಕಾಣುವುದು.

ಗುಡ್ಡಗಳು ಎಲ್ಲಿ ಬರುತ್ತವೆ ಎಂದು ಟೇಪ್ ಹಿಡಿದೇ ಅಂದಾಜು ಮಾಡಬಹುದು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಬದುರು ಗೋಡೆಗಳ ನಡುವೆ ಸರಿಯಾಗಿ ಅರ್ಧ ಅಲೆ ಕೂರುವ ಕಂಪನಕ್ಕೆ ಕೋಣೆ ತಾನೂ ದನಿಗೂಡಿಸುತ್ತದೆ. 15 ಅಡಿ ಎಂದರೆ 4.57 ಮೀಟರ್, ಲೆಕ್ಕ ಹಾಕಿದರೆ ಸುಮಾರು 38 ಹರ್ಟ್ಜ್. 12 ಅಡಿಗೆ 47 ಹರ್ಟ್ಜ್. ಒಂಬತ್ತೂವರೆ ಅಡಿ ಎತ್ತರದ ತಾರಸಿಗೆ 59. ಇವುಗಳ ಎರಡರಷ್ಟು, ಮೂರರಷ್ಟು ಕಂಪನಗಳಲ್ಲೂ ಇದೇ ಕಥೆ. ಡಗ್ಗಾದ ಮೀಂಡು ಇಂಥದ್ದೊಂದು ಕಂಪನದ ಮೇಲೆ ಹಾದುಹೋದಾಗ ಗುಂಯ್ ಎನ್ನುವುದು ತಬಲಾ ಅಲ್ಲ, ಹಾಲ್. ಇಟ್ಟಿಗೆ, ಕಾಂಕ್ರೀಟಿನ ಗೋಡೆಗಳು ಈ ಕೆಳದನಿಗಳನ್ನು ಹೀರಿಕೊಳ್ಳುವುದು ತೀರಾ ಕಡಿಮೆ. ಹಾಗಾಗಿ ನಮ್ಮ ಫ್ಲ್ಯಾಟುಗಳಲ್ಲಿ ಮೊಳಗು ಬೇಗ ಆರುವುದಿಲ್ಲ. ಗ್ರೆನೋಬಲ್‌ನ ಬಳೆಯಲ್ಲಿ ದೊಡ್ಡ ಅಲೆ ನಿಧಾನವಾಗಿ ತಣಿದ ಹಾಗೆಯೇ ಇಲ್ಲೂ ಕೊನೆಯವರೆಗೆ ಉಳಿಯುವುದು ಉದ್ದದ ಅಲೆಗಳು.

ರೋಗ ಗೊತ್ತಾದ ಮೇಲೆ ಮದ್ದು. 38 ಹರ್ಟ್ಜ್ ಬಳಿ 10 ಡೆಸಿಬೆಲ್ ಎತ್ತರದ ಗುಡ್ಡ ಇದ್ದರೆ, ಅಷ್ಟೇ ಆಳದ, ಅಷ್ಟೇ ಅಗಲದ ತಗ್ಗನ್ನು ಡಿಎಸ್‌ಪಿಯ ಪ್ಯಾರಾಮೆಟ್ರಿಕ್ ಈಕ್ವಲೈಸರ್‌ನಲ್ಲಿ ತೋಡಬೇಕು. ಕೋಣೆ ಹೆಚ್ಚಿಸುವುದನ್ನು ಪೆಟ್ಟಿಗೆ ಮೊದಲೇ ತಗ್ಗಿಸಿ ಕಳಿಸುತ್ತದೆ. ಅಲೆಗಳನ್ನು ಒಂದೊಂದಾಗಿ ಬೇರ್ಪಡಿಸಬಹುದು, ಬೇಕಾದದ್ದನ್ನು ಮಾತ್ರ ತಿದ್ದಬಹುದು, ಮತ್ತೆ ಕೂಡಿಸಿದರೆ ಸಂಗೀತ ಸಂಗೀತವಾಗಿಯೇ ಇರುತ್ತದೆ ಎಂಬ ಧೈರ್ಯ ಎಲ್ಲಿಂದ ಬಂತು? ಲಗ್ರಾಂಜ್ ಒಪ್ಪದ ಅದೇ ಪ್ರಬಂಧದಿಂದ.

ಇನ್ನೊಂದು ಕೆಲಸ ಸಮಯ ಹೊಂದಿಸುವುದು. ಸಾಮಾನ್ಯವಾಗಿ 80 ಹರ್ಟ್ಜ್ ಸುತ್ತ ಗಡಿ ಹಾಕಿ, ಅದಕ್ಕಿಂತ ಕೆಳಗಿನದನ್ನು ಸಬ್‌ವೂಫರ್‌ಗೆ, ಮೇಲಿನದನ್ನು ಸ್ಪೀಕರ್‌ಗಳಿಗೆ ಹಂಚುತ್ತಾರೆ. ಗಡಿಯ ಬಳಿ ಎರಡೂ ಒಟ್ಟಿಗೆ ಹಾಡುತ್ತವೆ. ಆಗ ಒಂದರ ಅಲೆ ಮೇಲೇರುವಾಗ ಇನ್ನೊಂದರದ್ದು ಇಳಿಯುತ್ತಿದ್ದರೆ ಪರಸ್ಪರ ಹೊಡೆದುಹಾಕಿಕೊಳ್ಳುತ್ತವೆ. ಸಬ್‌ವೂಫರ್ ಮೂಲೆಯಲ್ಲಿ ದೂರ ಇದ್ದರೆ, ಅಥವಾ ಅದರೊಳಗಿನ ಎಲೆಕ್ಟ್ರಾನಿಕ್ಸ್ ತುಸು ತಡ ಮಾಡಿದರೆ, ಸ್ಪೀಕರ್‌ಗಳನ್ನೂ ಅಷ್ಟೇ ಕಾಯಿಸಬೇಕು. ಒಂದು ಮಿಲಿಸೆಕೆಂಡ್ ಎಂದರೆ ಸುಮಾರು 34 ಸೆಂಟಿಮೀಟರ್ ದೂರ. ಮನೆಯ ಡಿಎಸ್‌ಪಿಯಲ್ಲಿ ಡಿಲೇ ಎಂದು ಬರೆದಿರುವ ಜಾಗ ಇರುವುದು ಇದಕ್ಕೇ.

ನೆಪೋಲಿಯನ್ ಬಂದ, ಫೋರಿಯರ್ ಓಡಿದರು

1815ರಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ ಪ್ಯಾರಿಸ್ ಕಡೆ ಹೊರಟ ದಾರಿ ಗ್ರೆನೋಬಲ್ ಮೂಲಕವೇ ಹಾದಿತ್ತು. ಫೋರಿಯರ್ ಆಗ ರಾಜನ ಸರ್ಕಾರದ ಅಧಿಕಾರಿ. ಹಳೆಯ ಒಡೆಯ ಊರಬಾಗಿಲಿಗೆ ಬಂದಾಗ ಏನು ಮಾಡುವುದು? ರಾಜನಿಗೆ ನಿಷ್ಠರಾಗಿರಿ ಎಂದು ಜನರಿಗೆ ಪ್ರಕಟಣೆ ಹೊರಡಿಸಿ, ತಾವು ಲಿಯೋನ್ ಕಡೆ ಕಾಲ್ತೆಗೆದರು. ನೆಪೋಲಿಯನ್ ಸಿಟ್ಟಾದರೂ ಕೊನೆಗೆ ಅವರನ್ನು ರೋನ್ ಜಿಲ್ಲೆಯ ಪ್ರಿಫೆಕ್ಟ್ ಮಾಡಿದರು. ಅಲ್ಲಿಯೂ ಹೆಚ್ಚು ದಿನ ನಿಲ್ಲದೆ ಫೋರಿಯರ್ ಹುದ್ದೆ ಬಿಟ್ಟರು. ವಾಟರ್ಲೂ ನಂತರ ಎರಡೂ ಕಡೆಗೂ ಬೇಡವಾದವರಾಗಿ ಪ್ಯಾರಿಸ್ ಸೇರಿದರು. ಕೈಯಲ್ಲಿ ಹುದ್ದೆ ಇರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರ ನೆರವಿನಿಂದ ಅಂಕಿಅಂಶ ಇಲಾಖೆಯಲ್ಲಿ ಕೆಲಸ ಸಿಕ್ಕಿತು.

1816ರಲ್ಲಿ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೆಪೋಲಿಯನ್ ಕಡೆಯವನು ಎಂದು ರಾಜ 18ನೇ ಲೂಯಿ ತಡೆದರು. ಮರುವರ್ಷ ಮತ್ತೆ ಆರಿಸಿದರು, ಈ ಸಲ ತಡೆಯಲಾಗಲಿಲ್ಲ. ಲಗ್ರಾಂಜ್ ಅಷ್ಟರಲ್ಲಿ, 1813ರಲ್ಲೇ, ತೀರಿಕೊಂಡಿದ್ದರು.

1822 ಫೋರಿಯರ್ ಪಾಲಿನ ವರ್ಷ. ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತ ಎಂಬ ಅವರ ಗ್ರಂಥ ಕೊನೆಗೂ ಹೊರಬಂತು, ಪ್ರಬಂಧ ಓದಿ 15 ವರ್ಷದ ಮೇಲೆ. ಅದೇ ವರ್ಷ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದರು. ಆಮೇಲೆ ಅವರು ಮಾಡಿದ ಕೆಲಸ ಓದಿದರೆ ತುಟಿಯಂಚಲ್ಲಿ ನಗು ಬರುತ್ತದೆ. ಬಹುಮಾನ ಕೊಟ್ಟೂ ಅಚ್ಚು ಹಾಕದೆ ಇಟ್ಟಿದ್ದ 1811ರ ಪ್ರಬಂಧವನ್ನು ಒಂದಕ್ಷರ ಬದಲಿಸದೆ ಅಕಾಡೆಮಿಯ ಸಂಪುಟಗಳಲ್ಲೇ ಅಚ್ಚು ಹಾಕಿಸಿದರು!

ಅದೇ ಕುರ್ಚಿಯಲ್ಲಿ ಕೂತು ಒಳ್ಳೆಯ ಕೆಲಸಗಳನ್ನೂ ಮಾಡಿದರು. ಹೆಣ್ಣೆಂಬ ಕಾರಣಕ್ಕೆ ಹೊರಗೇ ಉಳಿದಿದ್ದ ಗಣಿತಜ್ಞೆ ಸೋಫಿ ಜರ್ಮೈನ್‌ಗೆ ಅಕಾಡೆಮಿಯ ಸಭೆಗಳಲ್ಲಿ ಕೂರಲು ಅವಕಾಶ ಕೊಡಿಸಿದರು. ಕಂಪಿಸುವ ತಟ್ಟೆಗಳ ಗಣಿತಕ್ಕೆ ಬಹುಮಾನ ಗೆದ್ದಾಕೆ ಅವರು. ಭೂಮಿಯ ವಾತಾವರಣ ಶಾಖವನ್ನು ಹಿಡಿದಿಡುತ್ತದೆ ಎಂದು 1820ರ ದಶಕದಲ್ಲೇ ಫೋರಿಯರ್ ಬರೆದರು. ಈಗ ಹಸಿರುಮನೆ ಪರಿಣಾಮ ಎನ್ನುತ್ತೇವಲ್ಲ, ಅದರ ಇತಿಹಾಸ ಶುರುವಾಗುವುದು ಅಲ್ಲಿಂದ.

ಅವರ ಗ್ರಂಥ ಓದಿ ಸ್ಫೂರ್ತಿ ಪಡೆದವರಲ್ಲಿ ಜರ್ಮನಿಯ ಮೇಷ್ಟ್ರೊಬ್ಬರಿದ್ದರು. ಶಾಖ ಹರಿಯುವಂತೆಯೇ ವಿದ್ಯುತ್ ಹರಿಯುತ್ತದೆ ಎಂದು ಯೋಚಿಸಿ 1827ರಲ್ಲಿ ಪುಸ್ತಕ ಬರೆದ ಅವರ ಹೆಸರು ಜಾರ್ಜ್ ಓಮ್. ಸ್ಪೀಕರ್ ಹಿಂಭಾಗದಲ್ಲಿ 4 ಓಮ್, 8 ಓಮ್ ಎಂದು ಬರೆದಿರುತ್ತದಲ್ಲ, ಅದೇ ಓಮ್. ನಮ್ಮ ಕಿವಿಯೂ ಧ್ವನಿಯನ್ನು ಫೋರಿಯರ್ ಹೇಳಿದಂತೆ ಬಿಡಿ ಅಲೆಗಳಾಗಿ ಒಡೆದು ಕೇಳುತ್ತದೆ ಎಂದು 1843ರಲ್ಲಿ ಮಂಡಿಸಿದವರೂ ಅವರೇ. ಹೀಗೆ ತಂತಿಯ ಜಗಳದಿಂದ ಶಾಖಕ್ಕೆ ಹೋಗಿದ್ದ ಗಣಿತ ಮತ್ತೆ ಧ್ವನಿಗೆ ಮರಳಿತು.

ಲಗ್ರಾಂಜ್ ಕೇಳಿದ್ದ ಪ್ರಶ್ನೆ ಏನಾಯಿತು? ಪ್ಯಾರಿಸ್‌ನಲ್ಲಿ ಫೋರಿಯರ್ ಒಡನಾಟ ಪಡೆದಿದ್ದ ಯುವ ಗಣಿತಜ್ಞ ಡಿರಿಶ್ಲೆ 1829ರಲ್ಲಿ ಅದಕ್ಕೆ ಗಟ್ಟಿ ಉತ್ತರ ಕೊಟ್ಟರು. ಯಾವ ಷರತ್ತುಗಳಿದ್ದರೆ ಅಲೆಗಳ ಮೊತ್ತ ನಿಜವಾಗಿಯೂ ಮೂಲ ಆಕಾರಕ್ಕೆ ಬಂದು ಕೂರುತ್ತದೆ ಎಂದು ಅವರು ಸಾಬೀತು ಮಾಡಿದರು. ಚೌಕದ ಮೂಲೆಗಳು ಆ ಷರತ್ತಿನೊಳಗೆ ಬರುತ್ತಿದ್ದವು.

ಅದನ್ನು ನೋಡಲು ಫೋರಿಯರ್ ಬದುಕಿದ್ದರು, ಆದರೆ ಹೆಚ್ಚು ಕಾಲ ಅಲ್ಲ. ಹೃದಯದ ತೊಂದರೆ ಇತ್ತು. 1830ರ ಮೇ ತಿಂಗಳ ಆರಂಭದಲ್ಲಿ ಮೆಟ್ಟಿಲಿಳಿಯುವಾಗ ಬಿದ್ದರು, ಮೇ 16ರಂದು ತೀರಿಕೊಂಡರು. ವಯಸ್ಸು 62. ಮದುವೆಯಾಗಿರಲಿಲ್ಲ. ಪ್ಯಾರಿಸ್‌ನ ಪೇರ್ ಲಶೇಸ್ ಸ್ಮಶಾನದಲ್ಲಿ ಸಮಾಧಿ ಇದೆ, ಶಾಂಪೋಲಿಯೋನ್ ಸಮಾಧಿಯೂ ಅದೇ ಸ್ಮಶಾನದಲ್ಲಿದೆ. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವರದ್ದೂ ಒಂದು. ಸಾಯುವ ಕೆಲವೇ ತಿಂಗಳ ಮೊದಲು ಎವರಿಸ್ಟ್ ಗಲ್ವಾ ಎಂಬ ಹುಡುಗ ಬಹುಮಾನಕ್ಕೆಂದು ಕಳಿಸಿದ್ದ ಪ್ರಬಂಧ ಕಾರ್ಯದರ್ಶಿ ಫೋರಿಯರ್ ಕೈ ಸೇರಿತ್ತು. ಅವರ ಸಾವಿನ ನಂತರ ಅದು ಸಿಗಲೇ ಇಲ್ಲ. ತನ್ನ ಪ್ರಬಂಧಕ್ಕಾಗಿ 15 ವರ್ಷ ಕಾದವರ ಮೇಜಿನಿಂದಲೇ ಇನ್ನೊಬ್ಬ ಮಹಾ ಪ್ರತಿಭೆಯ ಪ್ರಬಂಧ ಕಳೆದುಹೋಯಿತು.

ಪುಣೆಯಿಂದ 80 ಕಿ.ಮೀ. ದೂರದಲ್ಲಿ

ಫೋರಿಯರ್ ಸೂತ್ರಕ್ಕೆ ಒಂದು ದೊಡ್ಡ ತೊಡಕಿತ್ತು, ಲೆಕ್ಕ ತುಂಬ ಉದ್ದ. 1,024 ಅಂಕಿಗಳ ಒಂದು ತುಣುಕನ್ನು ನೇರವಾಗಿ ಬಿಡಿಸಲು 10 ಲಕ್ಷಕ್ಕೂ ಹೆಚ್ಚು ಗುಣಾಕಾರ ಬೇಕು. 1965ರಲ್ಲಿ ಅಮೆರಿಕದ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ಎಫ್‌ಎಫ್‌ಟಿ ವಿಧಾನ ಇದನ್ನು ಸುಮಾರು ನೂರನೇ ಒಂದು ಪಾಲಿಗೆ ಇಳಿಸಿತು. ಇದೇ ಉಪಾಯವನ್ನು ಜರ್ಮನಿಯ ಗೌಸ್ 1805ರ ಸುಮಾರಿಗೇ ಕಂಡುಕೊಂಡು ಪ್ರಕಟಿಸದೆ ಇಟ್ಟಿದ್ದರು ಎಂಬುದು ಆಮೇಲೆ ಬೆಳಕಿಗೆ ಬಂತು. ಪುಟ್ಟ ಚಿಪ್ಪೊಂದು ಮನೆಯ ಹಾಲ್‌ನ ಜಾತಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆಯಲು ಸಾಧ್ಯವಾಗಿದ್ದು ಇದರಿಂದ.

ಪುಣೆಯವರು ಇದರ ಅತಿ ದೊಡ್ಡ ರೂಪ ನೋಡಬೇಕಿದ್ದರೆ ನಾಸಿಕ್ ರಸ್ತೆ ಹಿಡಿಯಬೇಕು. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಜಿಎಂಆರ್‌ಟಿ ದೂರದರ್ಶಕವಿದೆ. ತಲಾ 45 ಮೀಟರ್ ವ್ಯಾಸದ 30 ರೇಡಿಯೋ ಡಿಶ್‌ಗಳು, ಸುಮಾರು 25 ಕಿ.ಮೀ. ವಿಸ್ತಾರದಲ್ಲಿ ಹರಡಿವೆ. ನಡೆಸುವುದು ಪುಣೆಯಲ್ಲೇ ಇರುವ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರ. ದೂರದ ನಕ್ಷತ್ರಪುಂಜದ ಅಲೆ ಎಲ್ಲ ಡಿಶ್‌ಗಳಿಗೂ ಒಂದೇ ಕ್ಷಣಕ್ಕೆ ಬರುವುದಿಲ್ಲ. ಮೊದಲು ಬಂದವನ್ನು ಕಾಯಿಸಿ, ಹಿಂದೆ ಬಿದ್ದವುಗಳ ಜೊತೆ ಹೊಂದಿಸುತ್ತಾರೆ. ನಂತರ ಪ್ರತಿ ಡಿಶ್‌ನ ಸಂಕೇತವನ್ನು ಬಿಡಿ ಅಲೆಗಳಾಗಿ ಒಡೆದು ಒಂದರೊಡನೊಂದು ಗುಣಿಸುತ್ತಾರೆ. ಈ ಕೆಲಸ ಮಾಡುವ ಯಂತ್ರಕ್ಕೆ ಎಫ್‌ಎಕ್ಸ್ ಕೋರಿಲೇಟರ್ ಎಂದು ಹೆಸರು. ಎಫ್ ಎಂದರೆ ಫೋರಿಯರ್. ಸಬ್‌ವೂಫರ್‌ಗಾಗಿ ಸ್ಪೀಕರ್‌ಗಳನ್ನು ಕಾಯಿಸುವ ಕೊಥ್ರೂಡ್‌ನ ಪೆಟ್ಟಿಗೆ ಮಾಡುವುದೂ ತಾತ್ವಿಕವಾಗಿ ಇದನ್ನೇ, ಅಳತೆ ಮಾತ್ರ ಬೇರೆ.

ಹಾಲ್‌ನ ಒಂದು ತೊಂದರೆ ಬಾಕಿ ಉಳಿಯಿತು. ಎರಡು ಹೆಜ್ಜೆ ಮುಂದೆ ಬಂದರೆ ಡಗ್ಗಾ ಮಾಯವಾಗುತ್ತಿತ್ತಲ್ಲ, ಅದು. ಅರ್ಧ ಅಲೆ ಗೋಡೆಗಳ ನಡುವೆ ನಿಂತಾಗ ಗೋಡೆಯ ಬಳಿ ಒತ್ತಡ ಅತಿ ಹೆಚ್ಚು, ಸರಿ ನಡುವೆ ಸೊನ್ನೆ. ಈ ಕಣಿವೆಯನ್ನು ಡಿಎಸ್‌ಪಿ ತುಂಬಲಾರದು. 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಸುರಿಯಬೇಕು. ಅಷ್ಟು ಸುರಿದರೂ ಎದುರು ಗೋಡೆಯಿಂದ ಮರಳುವ ಅಲೆಯೂ ಅಷ್ಟೇ ಬಲವಾಗಿ ಬಂದು ಅದನ್ನು ಅಳಿಸುತ್ತದೆ. ಸುಟ್ಟರೆ ಸಬ್‌ವೂಫರ್ ಕಾಯ್ಲ್ ಸುಟ್ಟೀತು, ಡಗ್ಗಾ ಕೇಳದು. ಇದಕ್ಕೆ ಅನುಭವಸ್ಥರು ಮಾಡುವ ಉಪಾಯ ನೋಡಲು ತುಸು ತಮಾಷೆಯಾಗಿದೆ. ಸಬ್‌ವೂಫರನ್ನು ಎತ್ತಿ ತಾವು ಕೂರುವ ಸೋಫಾದ ಜಾಗದಲ್ಲೇ ಇಟ್ಟು ಹಾಡು ಹಾಕುತ್ತಾರೆ. ಆಮೇಲೆ ಗೋಡೆಯ ಪಕ್ಕ ಮಂಡಿಯೂರಿ ತೆವಳುತ್ತ, ಬೇಸ್ ಎಲ್ಲಿ ಸಮವಾಗಿ ಕೇಳುತ್ತದೆ ಎಂದು ಹುಡುಕುತ್ತಾರೆ. ಸಿಕ್ಕ ಜಾಗದಲ್ಲಿ ಸಬ್‌ವೂಫರ್ ಕೂರುತ್ತದೆ, ಸೋಫಾ ಹಾಲ್‌ನ ನಟ್ಟನಡುವಿನಿಂದ ಒಂದೆರಡು ಅಡಿ ಹಿಂದೆ ಸರಿಯುತ್ತದೆ. ಮೈಕ್ ಹಿಡಿದು ಅಳೆಯುವ ಕೆಲಸ ಅದರ ನಂತರ.